ಅರ್ಜಿ ಪರಿಶೀಲನೆಯಲ್ಲಿದೆ

81 ಎಂಎಂ ಮಾರ್ಟರ್‌ ಕೊಳವೆಯೊಳಗೆ ಗುಂಡು ಇಳಿಬಿಟ್ಟ ಮೇಲೆ ತಲೆ ಬಗ್ಗಿಸಿ ಕಿವಿ ಮುಚ್ಚಿಕೊಳ್ಳಲು ಸಿಗುವುದು ಒಂದು ಉಸಿರಿನಷ್ಟು ವೇಳೆ. ಮರಾಠಾ ಲೈಟ್ ಇನ್ಫಂಟ್ರಿಯ ಪಲ್ಟಣದಲ್ಲಿ ವರ್ಷಗಟ್ಟಲೆ ನಾನು ಅದೇ ಕೆಲಸ ಮಾಡಿದೆ. ರಾಜಸ್ಥಾನದ ಮಹಾಜನ ರೇಂಜಿನಲ್ಲಿ ಮಾಡಿದ್ದು ಅಭ್ಯಾಸ. ಕಾಶ್ಮೀರದ ನಿಯಂತ್ರಣ ರೇಖೆಯಲ್ಲಿ, 2003ರ ನವೆಂಬರಿನಲ್ಲಿ ಕದನವಿರಾಮ ಆಗುವ ತನಕ, ಅದು ಅಭ್ಯಾಸವಾಗಿರಲಿಲ್ಲ. ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೆವು. ಆದರೆ ವೈರ್‌ಲೆಸ್ಸಿನಲ್ಲಿ ಬರುವ ಆದೇಶ ಕೇಳಬೇಕಲ್ಲ, ಹತ್ತಿ ಕೈಯಲ್ಲೇ ಇರುತ್ತಿತ್ತು.

ಬೆಳಗಾವಿಯಲ್ಲಿ ಭರ್ತಿಯಾಗುವಾಗ ಡಾಕ್ಟರು ಆರು ಮೀಟರ್ ಆಚೆ ನಿಂತು ಪಿಸುಗುಟ್ಟಿದ್ದನ್ನು ಎರಡೂ ಕಿವಿಯಿಂದ ಕೇಳಿ ಹೇಳಿದವನು ನಾನು. 2012ರಲ್ಲಿ ಹವಾಲ್ದಾರನಾಗಿ ಹೊರಬರುವಾಗ ಬಿಡುಗಡೆಯ ವೈದ್ಯಕೀಯ ಮಂಡಳಿ ಅದೇ ಕಿವಿಗಳಿಗೆ ಶೇ 20ರಷ್ಟು ಶಾಶ್ವತ ನ್ಯೂನತೆ ಎಂದು ಬರೆಯಿತು. ಅಂಗವೈಕಲ್ಯ ಪಿಂಚಣಿಗೆ ಬೇಕಾದ ಕನಿಷ್ಠ ಪ್ರಮಾಣವೂ ಶೇ 20. ಆದರೆ ಪಕ್ಕದ ಅಂಕಣದಲ್ಲಿ ಇನ್ನೊಂದು ಸಾಲಿತ್ತು: ಇದು ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಿದ್ದೂ ಅಲ್ಲ. ಕಾರಣ ಒಂದಕ್ಷರವೂ ಇರಲಿಲ್ಲ. ಹಾಗಾದರೆ ಎಲ್ಲಿಂದ ಬಂತು? ಬೋರಿ ಹೊಳೆಯ ದಂಡೆಯ ನಮ್ಮ ತೊಗರಿ ಹೊಲದಲ್ಲಿ ಯಾರು ತೋಪು ಹಾರಿಸಿದ್ದರು?

ಸೇವಾ ಪಿಂಚಣಿ ಬರುತ್ತಿತ್ತು, ಉಪವಾಸ ಬೀಳಲಿಲ್ಲ. ನೋವು ಕೊಟ್ಟಿದ್ದು ಆ ಸಾಲು. ದೇಶದ ಕೆಲಸದಲ್ಲಿ ಹೋದ ಕಿವಿಯನ್ನು ದೇಶವೇ ತನ್ನದಲ್ಲ ಅಂದಿತ್ತು.

ಮೊದಲ ಮೇಲ್ಮನವಿಯನ್ನು ಆರು ತಿಂಗಳೊಳಗೆ ಹಾಕಬೇಕು. ಸೊಲ್ಲಾಪುರದ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ನನ್ನಂತೆಯೇ ಮಾಜಿ ಸೈನಿಕರೊಬ್ಬರು ಪಕ್ಕದಲ್ಲಿ ಕೂರಿಸಿಕೊಂಡು ಬರೆಸಿಕೊಟ್ಟರು. ಅವರ ಉಪಕಾರ ಮರೆಯಲಾರೆ. ವರ್ಷ ಕಳೆದ ಮೇಲೆ ಬಂದ ಉತ್ತರದಲ್ಲಿ ಅದೇ ಸಾಲು. ಎರಡನೇ ಮೇಲ್ಮನವಿ ಹಾಕಿದೆ. ಅದಕ್ಕೆ ಉತ್ತರವೇ ಇಲ್ಲ. ನೆನಪೋಲೆ ಬರೆದಾಗಲೆಲ್ಲ ಬರುತ್ತಿದ್ದದ್ದು ಒಂದೇ ಮಾತು, ಅರ್ಜಿ ಪರಿಶೀಲನೆಯಲ್ಲಿದೆ. ಅಕ್ಕಲಕೋಟದ ಸಂತೆ ಮುಗಿಸಿ ಮನೆಗೆ ಬಂದರೆ ಹೆಂಡತಿ ನನ್ನ ಮುಖ ನೋಡಿ, ತುಟಿ ಓದಲು ಬರಲೆಂದು ನಿಧಾನವಾಗಿ, "ಇವತ್ತರ ಬಂತೇನ್ರಿ?" ಅನ್ನುತ್ತಿದ್ದಳು. ಆಮೇಲಾಮೇಲೆ ಆಕೆ ಕೇಳುವುದನ್ನು ಬಿಟ್ಟಳು. ಅದು ನನಗೆ ಇನ್ನೂ ಕಷ್ಟವಾಯಿತು.

ಆ ಕಾಗದಗಳಲ್ಲಿ ಎಲ್ಲೂ ಬರೆಯದ ಒಂದು ಸಂಗತಿ ಇತ್ತು. ಮೇಲ್ಮನವಿಗೆ ಆರು ತಿಂಗಳಲ್ಲಿ ಉತ್ತರ ಬಾರದಿದ್ದರೆ ಸೈನಿಕ ಇನ್ನು ಕಾಯಬೇಕಿಲ್ಲ, ನೇರ ನ್ಯಾಯಮಂಡಳಿಗೆ ಹೋಗಬಹುದು. 2007ರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯ್ದೆಯಲ್ಲೇ ಇದೆ. ನನಗೆ ಇದನ್ನು ಹೇಳಿದವರು ವಕೀಲರು, ಅದೂ 2018ರಲ್ಲಿ. ಧರಮ್‌ವೀರ್ ಸಿಂಗ್ ಪ್ರಕರಣವನ್ನೂ ಅವರೇ ತಿಳಿಸಿದರು. ಮೂರ್ಛೆರೋಗವೆಂದು 1994ರಲ್ಲಿ ಮನೆಗೆ ಕಳಿಸಿದ ಆ ಸೈನಿಕನಿಗೆ ಸುಪ್ರೀಂ ಕೋರ್ಟಿನಲ್ಲಿ ನ್ಯಾಯ ಸಿಕ್ಕಿದ್ದು 2013ರ ಜುಲೈನಲ್ಲಿ. ಆ ತೀರ್ಪು ಹೇಳಿದ್ದು ಇಷ್ಟು: ಭರ್ತಿಯ ದಿನ ದಾಖಲೆಯಲ್ಲಿ ಇರದ ಕಾಯಿಲೆ ಸೇವೆಯಲ್ಲೇ ಬಂತೆಂದು ತಿಳಿಯಬೇಕು, ಅಲ್ಲವೆನ್ನುವ ಮಂಡಳಿಯೇ ಕಾರಣ ಕೊಡಬೇಕು, ಅನುಮಾನವಿದ್ದರೆ ಅದರ ಲಾಭ ಸೈನಿಕನಿಗೆ. ನನ್ನ ಕಾಗದವನ್ನೇ ಎದುರಿಗಿಟ್ಟುಕೊಂಡು ಬರೆದ ಹಾಗಿತ್ತು. ಆ ತೀರ್ಪು ಬಂದಾಗ ನನ್ನ ಮೇಲ್ಮನವಿ ಯಾವುದೋ ಮೇಜಿನ ಮೇಲಿತ್ತು. ಅಲ್ಲಿ ಯಾರಾದರೂ ಅದನ್ನು ಓದಿದ್ದರೆ ಸಾಕಿತ್ತು.

ಆ ವರ್ಷವೇ ನ್ಯಾಯಮಂಡಳಿಯ ಮುಂಬೈ ಪೀಠಕ್ಕೆ ಅರ್ಜಿ ಹಾಕಿದೆ. ತಾರೀಖು ಇದ್ದಾಗ ರಾತ್ರಿ ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಮುಂಬೈಯಲ್ಲಿ ಇಳಿಯುತ್ತಿದ್ದೆವು. ಮಗ ಜೊತೆಗೆ ಬರಲೇಬೇಕಿತ್ತು. ಹೆಸರು ಕೂಗಿದರೆ ನನಗೆ ಕೇಳುತ್ತಿರಲಿಲ್ಲ. ವಾದ ನಡೆಯುವಾಗ ಅವನು ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದು ತೋರಿಸುತ್ತಿದ್ದ: "ನಿಮ್ಮ ಆಡಿಯೋಗ್ರಾಂ ಕೇಳ್ತಿದಾರ", "ಆ ಕಡಿ ವಕೀಲರು ವೇಳೆ ಕೇಳ್ಯಾರ". ನನ್ನ ಕಿವಿಯ ಬಗ್ಗೆ ಹತ್ತಾರು ಜನ ಮಾತಾಡುತ್ತಿದ್ದರು. ಆ ಮಾತುಗಳಲ್ಲಿ ನನಗೆ ತಲುಪಿದ್ದು ಮಗ ಬರೆದಷ್ಟೇ. 2020ರಲ್ಲಿ ಕೊರೊನಾ ಬಂದು ವಿಚಾರಣೆಯೂ ನಿಂತಿತು.

2022ರಲ್ಲಿ ಆದೇಶವಾಯಿತು. ಕಿವಿ ಹೋದದ್ದು ಸೇವೆಯಿಂದಲೇ ಎಂದು ಬರೆದರು. ರಾಮ್ ಅವತಾರ್ ಪ್ರಕರಣದಲ್ಲಿ 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದಂತೆ ಶೇ 20 ಅನ್ನು 50 ಎಂದು ಲೆಕ್ಕ ಹಿಡಿದರು. ಮಗ ನಕ್ಕು ನನ್ನ ಕೈ ಹಿಡಿದುಕೊಂಡ. ಆದರೆ ಬಾಕಿ ಹಣ ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷಕ್ಕೆ ಮಾತ್ರ. ತರ್ಸೇಮ್ ಸಿಂಗ್ ಪ್ರಕರಣದ 2008ರ ತೀರ್ಪಿನ ನಿಯಮವಂತೆ. ಅಂದರೆ 2012ರಿಂದ 2015ರ ತನಕದ್ದು ಹೋಯಿತು.

ತಡಮಾಡಿ ಬಂದವರಿಗೆ ಮಾಡಿದ ನಿಯಮ ಅದು. ನಾನು ತಡಮಾಡಿರಲಿಲ್ಲ. ಹೇಳಿದ ಬಾಗಿಲನ್ನೇ, ಹೇಳಿದ ಅವಧಿಯೊಳಗೇ ತಟ್ಟಿದ್ದೆ. ಒಳಗಿದ್ದವರು ಉತ್ತರಿಸದೆ ಕಳೆದ ವರ್ಷಗಳಿಗೆ ದಂಡ ತೆತ್ತವನು ಹೊರಗೆ ನಿಂತವನು. ಇದು ಅನ್ಯಾಯ. ಮೇಲ್ಮನವಿ ಹಾಕಿದ ದಿನವನ್ನೇ ಲೆಕ್ಕಕ್ಕೆ ಹಿಡಿಯಬೇಕು, ಉತ್ತರ ಬಾರದಿದ್ದರೆ ಮುಂದಿನ ದಾರಿ ಯಾವುದೆಂದು ಪ್ರತಿ ಕಾಗದದ ಕೆಳಗೂ ಸೈನಿಕನಿಗೆ ತಿಳಿಯುವ ಭಾಷೆಯಲ್ಲಿ ಅಚ್ಚು ಹಾಕಬೇಕು.

ಹಣ ಬಂದದ್ದು 2023ರಲ್ಲಿ. ಎರಡೂ ಕಿವಿಗೆ ಒಳ್ಳೆಯ ಯಂತ್ರ ಕೊಂಡೆ. ಈಚೆಗೆ ಪಕ್ಕದ ಊರಿನ ಹುಡುಗನೊಬ್ಬ ಬಂದಿದ್ದ. ಬೆನ್ನುಮೂಳೆ ಕೆಟ್ಟು ಪಲ್ಟಣದಿಂದ ಬಂದವನು. "ಕಾಕಾ, ಇದರಾಗ ಏನ್ ಬರದಾರ ನೋಡ್ರಿ" ಎಂದು ಕಾಗದ ಚಾಚಿದ. ಅದೇ ಸಾಲು. ಮೇಲ್ಮನವಿ ಹಾಕಿದ ತಾರೀಖು ಕೇಳಿದೆ. ಆರು ತಿಂಗಳು ಯಾವಾಗ ಮುಗಿಯುತ್ತವೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ವಕೀಲರ ವಿಳಾಸ ಬರೆದುಕೊಟ್ಟೆ.