ತಂಪಿನ ತೀರ್ಪು

ಗಣಕಯಂತ್ರದ ಪ್ರೊಸೆಸರಿನ ಮೇಲೆ ಕುಳಿತು ಅದರ ಕಾವನ್ನು ಹರಿಯುವ ನೀರಿಗೆ ಒಪ್ಪಿಸುವ ತಾಮ್ರದ ಬಿಲ್ಲೆಗೆ ವಾಟರ್ ಬ್ಲಾಕ್ ಎಂದು ಹೆಸರು. ನೀರು ತಾಗುವ ಮೈ ಹೆಚ್ಚಲೆಂದು ಅದರ ಒಳಗೆ ನವುರಾದ ಗೀರುಗಳನ್ನು ಕೊರೆದಿರುತ್ತಾರೆ. ಹೊಸದೊಂದನ್ನು ತರಿಸಿ ಕೂರಿಸಿದೆನು. ಹಳೆಯದರಲ್ಲಿ 68 ಡಿಗ್ರಿ ಇದ್ದ ಉಷ್ಣಮಾನವು 63ಕ್ಕೆ ಇಳಿಯಿತು. ಹಿಗ್ಗಿನಿಂದ ಮಿತ್ರರೊಬ್ಬರಿಗೆ, “ತಾವೂ ಕೊಳ್ಳಬಹುದು” ಎಂದು ಬರೆದುಬಿಟ್ಟೆನು.

ರಾತ್ರಿ ಸಂಶಯ ಮೂಡಿತು. ಹಳೆಯದನ್ನು ಅಳೆದುದು ಉರಿಬಿಸಿಲಿನ ಮಧ್ಯಾಹ್ನ. ಹೊಸದನ್ನು ಅಳೆದುದು ಮಳೆ ಸುರಿದ ಸಂಜೆ. ಕೊಠಡಿಯೇ ತಣ್ಣಗಾಗಿದ್ದಿತು! ಮರುದಿನ ಎರಡನ್ನೂ ಮೂರು ಮೂರು ಸಲ, ನಡುವಣ ಶಾಖವಾಹಕ ಲೇಪವನ್ನು ಪ್ರತಿ ಸಲವೂ ಹೊಸದಾಗಿ ಬಳಿದು, ಯಂತ್ರಕ್ಕೆ ಒಂದೇ ಕೆಲಸವನ್ನು ಕೊಟ್ಟು, ನೀರಿನ ಉಷ್ಣಮಾನವನ್ನು ಕಳೆದು ಲೆಕ್ಕ ಹಾಕಿದೆನು. ಉಳಿದ ಅಂತರವು ಒಂದೇ ಡಿಗ್ರಿ.

ಕೂಡಲೆ ಎರಡನೆಯ ಕಾಗದವನ್ನು ಬರೆದೆನು. ಆದರೆ ಅವರು ಅಷ್ಟರಲ್ಲಿಯೇ ಹಣ ತೆತ್ತಿದ್ದರು.