ಒಗಟಿನ ಒಳಬಾಗಿಲು

ಮುಚ್ಚಿದ ಬಾಗಿಲಿನಷ್ಟು ಮನುಷ್ಯನನ್ನು ಸೆಳೆಯುವ ವಸ್ತು ಬೇರೊಂದಿಲ್ಲ. ಒಗಟು, ಬೆಡಗಿನ ವಚನ, ಚಿತ್ರಕಾವ್ಯ ಇವೆಲ್ಲವೂ ಆ ಕುತೂಹಲದ ಸಂತಾನಗಳೇ. ಹಿಂದೆ ಜಗಲಿಯ ಮೇಲೆ ನಡೆಯುತ್ತಿದ್ದ ಈ ವಿನೋದವು ಇಂದು ಅಂಗೈಯಗಲದ ಮೊಬೈಲಿನೊಳಗೆ ಸೇರಿಕೊಂಡಿದೆ.

ತುಮಕೂರಿಗೆ ಸಮೀಪದ ವಸಂತನರಸಾಪುರವು ಈಗ ಕೈಗಾರಿಕಾ ಪ್ರದೇಶವೆಂದೇ ಪ್ರಸಿದ್ಧ. 2014ರಲ್ಲಿ ಅಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯಿತು. ಆ ಊರಿನ ಜಗಲಿಯೊಂದರಲ್ಲಿ, ಒಂದು ಭಾನುವಾರದ ಸಂಜೆ, ಪದವಿ ತರಗತಿಯ ಹುಡುಗನೊಬ್ಬನು ಮೊಬೈಲಿನಲ್ಲಿ ಮಗ್ನನಾಗಿದ್ದನು. ಕಂಬಕ್ಕೆ ಒರಗಿದ್ದ ಅಜ್ಜಿ ಅವನ ಮುಖವನ್ನೇ ನೋಡುತ್ತಿದ್ದಳು. ನಗುತ್ತಿದ್ದವನು ಇದ್ದಕ್ಕಿದ್ದಂತೆ ಮೌನಿಯಾದನು.

“ಯಾಕ್ಲಾ ಮಗ, ಸೋತ್ಯೇನ್ಲಾ?”

“ಇಲ್ಲ ಕಣಜ್ಜಿ, ಗೆದ್ದೆ.”

“ಗೆದ್ದೋನು ಕಣ್ಣೊರೆಸ್ಕೊತಾನೇನ್ಲಾ?”

ಅವನು ಆಡುತ್ತಿದ್ದುದು 2011ರಲ್ಲಿ ಹೊರಬಂದ ‘ಟು ದ ಮೂನ್’ ಎಂಬ ಆಟ. ಮರಣಶಯ್ಯೆಯಲ್ಲಿರುವ ವೃದ್ಧನೊಬ್ಬನಿಗೆ ಚಂದ್ರಲೋಕಕ್ಕೆ ಹೋಗಬೇಕೆಂಬ ಹಂಬಲ. ಏಕೆಂಬುದು ಅವನಿಗೇ ತಿಳಿಯದು. ಇಬ್ಬರು ವೈದ್ಯರು ಅವನ ಸ್ಮೃತಿಯೊಳಗೆ ಹೊಕ್ಕು, ಪರಸ್ಪರ ಪರಿಹಾಸ್ಯ ಮಾಡುತ್ತ, ಚಿಕ್ಕಪುಟ್ಟ ಸಮಸ್ಯೆಗಳನ್ನು ಬಿಡಿಸುತ್ತ, ಮುಪ್ಪಿನಿಂದ ಬಾಲ್ಯದ ಕಡೆಗೆ ಹಿಂದೆ ಹಿಂದೆ ಸಾಗುತ್ತಾರೆ. ಕಟ್ಟಕಡೆಯ ಕೋಣೆಯಲ್ಲಿ ದೊರೆಯುವುದು ನಿಧಿಯಲ್ಲ: ಅಪಘಾತದಲ್ಲಿ ಮಡಿದ ಅವಳಿ ಸೋದರ, ಮತ್ತು ದಾರಿ ತಪ್ಪಿದರೆ ಚಂದ್ರನಲ್ಲಿ ಸೇರೋಣವೆಂದು ಬಾಲೆಯೊಬ್ಬಳಿಗೆ ಕೊಟ್ಟು ಮರೆತ ಮಾತು. ಆ ಬಾಲೆಯೇ ಮುಂದೆ ಅವನ ಮಡದಿಯಾಗಿ, ಅವನಿಗಿಂತ ಮೊದಲೇ ತೀರಿಕೊಂಡವಳು.

ಕಥೆಯನ್ನು ಕೇಳಿ ಅಜ್ಜಿ ಇಷ್ಟೇ ಹೇಳಿದಳು: “ಒಗಟು ಬಿಡಿಸೋದು ಸಲೀಸು ಕಣ್ಲಾ. ಬಿಡಿಸಿದ್ಮೇಲೆ ಒಳಗಿರೋದನ್ನ ನೋಡೋದೇ ಕಷ್ಟ.”

ಓದುಬರಹವರಿಯದ ಆ ಮಾತಿನಲ್ಲಿ ಕನ್ನಡದ ಮಹಾಕಥೆಯೊಂದರ ಮರ್ಮವೇ ಅಡಗಿದೆ. ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿ ಅಲ್ಲಮನು ಮೊದಲು ಮದ್ದಳೆಯ ನಾದದಲ್ಲಿ, ಕಮಲತೆಯ ಪ್ರೇಮದಲ್ಲಿ ಮುಳುಗಿದವನು. ಅವಳು ಜ್ವರಕ್ಕೆ ತುತ್ತಾಗಲು, ಭ್ರಾಂತನಂತೆ ಅಲೆದು, ತೋಪೊಂದರಲ್ಲಿ ಕುಳಿತು ಉಗುರಿನಿಂದ ನೆಲವನ್ನು ಕೆರೆಯುತ್ತಾನೆ. ಮಣ್ಣಿನಡಿ ಹೊನ್ನಿನ ಕಳಶ ಕಾಣುತ್ತದೆ. ಅಗೆಸಿದರೆ ಹೂತುಹೋದ ದೇಗುಲ, ಮುಚ್ಚಿದ ಕದ. ಇಲ್ಲಿಯವರೆಗೆ ಅದ್ಭುತರಸ. ಕದವನ್ನು ಒದ್ದು ಒಳಹೊಕ್ಕರೆ, ಕರದಲ್ಲಿ ಲಿಂಗವನ್ನು ಹಿಡಿದು ಕುಳಿತ ಅನಿಮಿಷಯ್ಯ. ಲಿಂಗವು ಅಲ್ಲಮನ ಕೈಸೇರುತ್ತದೆ. ಅನಿಮಿಷಯ್ಯನ ಪ್ರಾಣ ಹೋಗುತ್ತದೆ. ಶೃಂಗಾರದಲ್ಲಿ ಮೊದಲಾದ ಕಥೆ ಕರುಣದ ಮಾರ್ಗವಾಗಿ ಶಾಂತವನ್ನು ಮುಟ್ಟುತ್ತದೆ. ಒಳಹೊಕ್ಕವನು ವಿರಹಿ, ಹೊರಬಂದವನು ಪ್ರಭು.

ಆ ಪ್ರಭುವನ್ನೇ ಕೇಂದ್ರದಲ್ಲಿರಿಸಿ ‘ಶೂನ್ಯಸಂಪಾದನೆ’ಯನ್ನು ಸಂಕಲಿಸಿದವರಲ್ಲಿ ಗೂಳೂರು ಸಿದ್ಧವೀರಣ್ಣೊಡೆಯರೂ ಒಬ್ಬರು. ಗೂಳೂರು ತುಮಕೂರಿನ ಮಗ್ಗುಲಿನ ಊರು. ಬೆಡಗಿನ ನುಡಿಗಳಿಂದ ತುಂಬಿದ ಆ ಗ್ರಂಥದ ಸಂಬಂಧವುಳ್ಳ ನೆಲದಲ್ಲಿ, ಒಗಟನ್ನು ಕೇವಲ ಕಾಲಹರಣವೆನ್ನುವುದು ತರವಲ್ಲ.

ಮೊಬೈಲಿನ ಆಟಗಳೆಲ್ಲವೂ ಉತ್ತಮವೆಂದು ಇದರ ಅರ್ಥವಲ್ಲ. ಹೊತ್ತನ್ನು ನುಂಗಿ ಬರಿಗೈಯಲ್ಲಿ ಕಳುಹಿಸುವಂಥವು ಬಹಳ. ಆದರೆ ಕಣ್ಣೊರೆಸಿಕೊಂಡ ಹುಡುಗನ ಕೈಯಿಂದ ಮೊಬೈಲನ್ನು ಕಸಿಯುವ ಮೊದಲು, ಅವನು ಯಾವ ಬಾಗಿಲನ್ನು ತೆರೆದನೆಂದು ಹಿರಿಯರು ಕೇಳಬೇಕು. ತರಗತಿಯಲ್ಲಿಯೂ ಬೆಡಗಿನ ವಚನವನ್ನು ಓದಿದ ಮರುಕ್ಷಣವೇ ಅರ್ಥವನ್ನು ಬರೆಯಿಸುವುದು ವಾಡಿಕೆಯಾಗಿದೆ. ಅದು ಶಿಷ್ಯನ ಬದಲು ಗುರುವೇ ಕದವನ್ನು ಒದ್ದಂತೆ. ಕೊಂಚ ತಾಳಿದರೆ ಅವನೇ ನೆಲವನ್ನು ಕೆರೆದಾನು, ಕಳಶವನ್ನು ಕಂಡಾನು.

ಆ ಸಂಜೆ ಹುಡುಗನು ಮೊಬೈಲನ್ನು ಬದಿಗಿಟ್ಟು ಅಜ್ಜಿಯ ಬಳಿಗೆ ಸರಿದನು. “ಅಜ್ಜಿ, ನೀನೊಂದು ಒಗಟು ಹೇಳು” ಎಂದನು. ಅಜ್ಜಿ ಎಲೆಯಡಕೆಯ ಚೀಲವನ್ನು ಬಿಚ್ಚಿದಳು.