ಮಸ್ಸೊಪ್ಪಿನ ಮಹಿಮೆ

ನಮ್ಮ ಸೀಮೆಯಲ್ಲಿ 'ಸೊಪ್ಪು' ಎಂಬ ಮಾತಿಗೆ ಎರಡು ಅರ್ಥಗಳುಂಟು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆಯ ರೈತನೊಬ್ಬನು 'ಈ ವರ್ಷ ಸೊಪ್ಪು ಚೆನ್ನಾಗಿ ಬಂದಿದೆ' ಎಂದರೆ ಅವನು ಹೇಳುತ್ತಿರುವುದು ಹೊಗೆಸೊಪ್ಪಿನ ವಿಚಾರವೆಂದೇ ತಿಳಿಯಬೇಕು. ಅದೇ ಮಾತನ್ನು ಅವನ ಹೆಂಡತಿ ಹೇಳಿದರೆ, ಅದು ಹೊಲದ ಬದುವಿನಲ್ಲಿ ಹುಟ್ಟಿದ ಅಣ್ಣೆ, ಗಣಿಕೆ, ಹೊನಗೊನ್ನೆಗಳ ವಿಚಾರವಾಗಿರಬಹುದು. ಮೊದಲನೆಯ ಸೊಪ್ಪು ಹರಾಜಿಗೆ ಹೋಗುತ್ತದೆ. ಎರಡನೆಯದು ಗಡಿಗೆಗೆ ಹೋಗುತ್ತದೆ. 'ಆಡು ಮುಟ್ಟದ ಸೊಪ್ಪಿಲ್ಲ' ಎಂದು ಗಾದೆ ಕಟ್ಟಿದ ಹಿರಿಯರು ನಮ್ಮ ಹೊಗೆಸೊಪ್ಪಿನ ಹೊಲಗಳತ್ತ ಬಂದಿರಲಿಲ್ಲವೆಂದು ಕಾಣುತ್ತದೆ!

ನಾನು ಬರೆಯಹೊರಟಿರುವುದು ಗಡಿಗೆಗೆ ಹೋಗುವ ಸೊಪ್ಪನ್ನು ಕುರಿತು. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಡಿಗೆಯ ಮಾತೇ ಎಂದು ಕೆಲವರು ಮೂಗು ಮುರಿಯಬಹುದು. ಅಂಥವರಿಗೆ ನನ್ನದೊಂದು ವಿನಂತಿ. ಕನಕದಾಸರು ರಾಗಿಗೂ ಭತ್ತಕ್ಕೂ ವಾಗ್ವಾದ ಹೂಡಿಸಿ 'ರಾಮಧಾನ್ಯ ಚರಿತ್ರೆ' ಎಂಬ ಕಾವ್ಯವನ್ನೇ ರಚಿಸಿದರು, ರಾಗಿಯೇ ಗೆದ್ದಿತು. ರಾಗಿಗೆ ಕಾವ್ಯದಲ್ಲಿ ಎಡೆಯುಂಟೆಂದ ಮೇಲೆ ರಾಗಿಮುದ್ದೆಯ ಜೊತೆಗಾರನಾದ ಮಸ್ಸೊಪ್ಪಿಗೆ ಎರಡು ಪುಟಗಳನ್ನು ಬಿಟ್ಟುಕೊಟ್ಟರೆ ನಷ್ಟವೇನೂ ಆಗದು.

ಮೊದಲು ಹೊಗೆಸೊಪ್ಪಿನ ಹಂಗಾಮನ್ನು ಅರಿಯದವರಿಗಾಗಿ ಒಂದೆರಡು ಮಾತು. ಮುಂಗಾರಿನ ಮೊದಲ ಮಳೆಗಳಿಗೆ ನೆಟ್ಟ ಸಸಿ ಜುಲೈ, ಆಗಸ್ಟ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಬುಡದ ಎಲೆ ಮೊದಲು, ತುದಿಯ ಎಲೆ ಕೊನೆಗೆ. ಹೀಗೆ ವಾರಗಟ್ಟಲೆ ಕಂತುಕಂತಾಗಿ ಎಲೆ ಮುರಿಯಬೇಕು. ಮುರಿದ ಎಲೆಯನ್ನು ಹೆಚ್ಚು ಹೊತ್ತು ಇಡುವಂತಿಲ್ಲ. ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ನಿನೊಳಗೆ ಸಾಲುಸಾಲಾಗಿ ತೂಗುಹಾಕಿ, ಐದಾರು ದಿನಗಳ ಕಾಲ ಹಗಲು ರಾತ್ರಿ ಬೆಂಕಿಯ ಕಾವನ್ನು ಕಾಯಬೇಕು. ಕಾವು ತಪ್ಪಿದರೆ ಎಲೆಯ ಬಣ್ಣ ಕೆಟ್ಟು ವರ್ಷದ ದುಡಿಮೆ ಹೊಗೆಯಾಗುತ್ತದೆ. ಎಲೆ ಕಟ್ಟುವ ಕೆಲಸ ಬಹುಮಟ್ಟಿಗೆ ಹೆಂಗಸರದು. ಸಂಜೆ ಆರು ಗಂಟೆಗೆ ಅವರ ಕೈಗಳನ್ನು ನೋಡಬೇಕು: ಕಪ್ಪಗೆ ಅಂಟು ಹತ್ತಿ, ಸೋಪಿಗೂ ಬಗ್ಗದೆ, ಆ ಕೈಯಿಂದ ತುತ್ತು ಎತ್ತಿದರೆ ಬಾಯೆಲ್ಲ ಕಹಿ. ಆ ಕೈಗಳೇ ಏಳು ಗಂಟೆಗೆ ಒಲೆ ಹಚ್ಚಬೇಕು. ನಮ್ಮ ಮನೆಯಲ್ಲಿ ಐದು ಜನ. ಎಲೆ ಕಟ್ಟಲು ಬರುವವರು ಇಬ್ಬರು. ಎಲ್ಲರೂ ಹಸಿದಿರುತ್ತಾರೆ. ಅಮ್ಮನೂ ಹಸಿದಿರುತ್ತಾಳೆ ಎಂಬುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ನಮ್ಮ ಸೀಮೆಯ ಅಡಿಗೆಗಳಲ್ಲಿ ಬಸ್ಸಾರಿಗೆ ಪಟ್ಟದ ಸ್ಥಾನ. ಅದರ ರುಚಿಯನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ. ಆದರೆ ಅದಕ್ಕೆ ಸೊಪ್ಪು ಕಾಳುಗಳನ್ನು ಬೇಯಿಸಿ, ಕಟ್ಟನ್ನು ಬಸಿದು, ಖಾರ ರುಬ್ಬಿ, ಬಸಿದ ಕಟ್ಟಿಗೆ ಬೆರೆಸಿ ಕುದಿಸಿ, ಉಳಿದ ಸೊಪ್ಪು ಕಾಳಿಗೆ ಬೇರೆ ಒಗ್ಗರಣೆ ಹಾಕಿ ಪಲ್ಯ ಮಾಡಬೇಕು. ಪಾತ್ರೆಗಳು ನಾಲ್ಕು, ಹೊತ್ತು ಒಂದೂವರೆ ಗಂಟೆ. ಅದು ಬಿಡುವಿರುವ ದಿನದ ಅಡಿಗೆ. ಮಸ್ಸೊಪ್ಪು ಹಾಗಲ್ಲ. ಬೇಳೆ, ಸೊಪ್ಪು, ಮೆಣಸಿನಕಾಯಿ, ಹುಳಿ ಎಲ್ಲವೂ ಒಂದೇ ಪಾತ್ರೆಯಲ್ಲಿ ಬೆಂದು, ಅದೇ ಪಾತ್ರೆಯಲ್ಲಿ ಕಡಗೋಲಿಗೆ ಸಿಕ್ಕಿ ಒಂದಾಗುತ್ತವೆ. ಮಸೆದ ಸೊಪ್ಪೇ ಮಸ್ಸೊಪ್ಪು ಎಂಬುದು ನಮ್ಮಜ್ಜಿಯ ವ್ಯಾಕರಣ. ಪಂಡಿತರು ಬೇರೆ ಏನಾದರೂ ಹೇಳಿದರೆ ಅವರೊಡನೆ ನನಗೆ ಜಗಳವಿಲ್ಲ.

ಕಳೆದ ಹಂಗಾಮಿನಲ್ಲಿ ಸಂಜೆಯ ಅಡಿಗೆಯನ್ನು ನಾನು ವಹಿಸಿಕೊಂಡೆ. ಕಾಲೇಜು ಬಿಟ್ಟು ಬಸ್ಸಿಳಿದು ಮನೆ ಸೇರುವಾಗ ಆರು ಗಂಟೆ. ಗಡಿಯಾರ ನೋಡಿಕೊಂಡು ಮಾಡಿದ್ದರಿಂದ ಕ್ರಮವನ್ನು ನಿಶ್ಚಯವಾಗಿ ಹೇಳಬಲ್ಲೆ. ಐದು ಜನಕ್ಕೆ ಒಂದು ಪಾವು ತೊಗರಿಬೇಳೆ. ಅದನ್ನು ತೊಳೆದು ನೆನೆಯಲು ಬಿಟ್ಟು, ಆ ಹೊತ್ತಿನಲ್ಲಿ ಸೊಪ್ಪು ಬಿಡಿಸಿ ಮೂರು ನೀರಿನಲ್ಲಿ ತೊಳೆಯಬೇಕು. ಎರಡು ದೊಡ್ಡ ಹಿಡಿ ಸೊಪ್ಪು ಬೇಕು. ಒಂದೇ ಜಾತಿಯಾದರೂ ಸರಿ, ನಾಲ್ಕೈದು ಜಾತಿಯ ಬೆರಕೆ ಸೊಪ್ಪಾದರೆ ಇನ್ನೂ ಸರಿ. ಬೇಳೆಗೆ ನಾಲ್ಕು ಪಾವು ನೀರು, ಚಿಟಿಕೆ ಅರಿಶಿನ, ಒಂದು ಈರುಳ್ಳಿ, ಆರೇಳು ಹಸಿಮೆಣಸಿನಕಾಯಿ, ಹತ್ತು ಎಸಳು ಬೆಳ್ಳುಳ್ಳಿ ಹಾಕಿ ಕುಕ್ಕರಿನಲ್ಲಿ ಮೂರು ಕೂಗು ಕೂಗಿಸಬೇಕು. ಆವಿ ತಾನಾಗಿ ಇಳಿದ ಮೇಲೆ ಮುಚ್ಚಳ ತೆಗೆದು ಸೊಪ್ಪನ್ನೂ ಮೂರು ಟೊಮೆಟೊಗಳನ್ನೂ ಉಪ್ಪನ್ನೂ ಹಾಕಿ, ಮುಚ್ಚದೆ ಏಳೆಂಟು ನಿಮಿಷ ಬೇಯಿಸಬೇಕು. ಹುಳಿಯನ್ನು ಮೊದಲೇ ಹಾಕಿದರೆ ಬೇಳೆ ಬೇಗ ಮೆತ್ತಗಾಗುವುದಿಲ್ಲ. ಸೊಪ್ಪನ್ನು ಮೊದಲೇ ಹಾಕಿದರೆ ಅದರ ಹಸುರು ಹೋಗುತ್ತದೆ. ಆಮೇಲೆ ಒಲೆಯಿಂದಿಳಿಸಿ ಕಡಗೋಲಿನಲ್ಲಿ ಮಸೆಯಬೇಕು. ತೀರ ನುಣ್ಣಗಾಗಬಾರದು, ಅಲ್ಲಲ್ಲಿ ಎಲೆ ನಾಲಗೆಗೆ ಸಿಗಬೇಕು. ಕೊನೆಗೆ ಒಂದು ಸೌಟಿನಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಒಣಮೆಣಸು, ಕರಿಬೇವಿನ ಒಗ್ಗರಣೆ. ಬೇಳೆ ತೊಳೆದಾಗಿನಿಂದ ಒಗ್ಗರಣೆಯ ಚುಯ್ ಶಬ್ದದವರೆಗೆ ನಲವತ್ತು ನಿಮಿಷ.

ಮುದ್ದೆಗೆ ಇನ್ನೊಂದು ಪಾತ್ರೆ ಬೇಕಲ್ಲವೇ ಎಂದು ಜಾಣರು ಕೇಳಬಹುದು. ಬೇಕು. ಅದನ್ನು ನನ್ನ ತಮ್ಮನಿಗೆ ವಹಿಸಿದೆ. ಹಿಟ್ಟಿನ ದೊಣ್ಣೆ ತಿರುವಲು ತೋಳಿನಲ್ಲಿ ಬಲ ಬೇಕು, ಮತ್ತು ಕಬಡ್ಡಿ ಆಡುವವನು ತಾನು ಬಲಹೀನನೆಂದು ಹೇಳಿಕೊಳ್ಳುವಂತಿಲ್ಲ! ಮೊದಲ ವಾರ ಅವನ ಮುದ್ದೆಯಲ್ಲಿ ಗಂಟುಗಳಿದ್ದವು. ಅಪ್ಪ ಮಾತಾಡದೆ ಉಂಡರು. ಮೂರನೆಯ ವಾರಕ್ಕೆ ಗಂಟುಗಳು ಮಾಯವಾದವು.

ಇನ್ನು ಆರೋಗ್ಯದ ಮಾತು. ತೊಗರಿಬೇಳೆಯ ತೂಕದಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಸಸಾರಜನಕವಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿರುವುದು ಅದರ ಅತ್ಯಲ್ಪ ಭಾಗ. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಜಗತ್ತಿಗೆ ರಾಗಿಯೂ ಹೊಸದಾಗಿ ಕಂಡಿತು. ನಮ್ಮ ಅಜ್ಜಿಯರಿಗೆ ಅದೇನೂ ಹೊಸದಲ್ಲ. ಸೊಪ್ಪಿನಲ್ಲಿ ಕಬ್ಬಿಣಾಂಶವಿದೆ, ಆದರೆ ದೇಹವು ಅದನ್ನು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಜೊತೆಯಲ್ಲಿ 'ಸಿ' ಜೀವಸತ್ವವಿದ್ದರೆ ಹೀರಿಕೊಳ್ಳುವುದು ಹೆಚ್ಚುತ್ತದೆ. ಆದುದರಿಂದ ತಟ್ಟೆಗೆ ಬಡಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳುವುದು ರುಚಿಗೆ ಮಾತ್ರವಲ್ಲ. ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಆ ಲಾಭ ಕಡಮೆಯಾಗುತ್ತದೆ; ಒಂದು ಗಂಟೆ ತಡೆಯುವುದು ಮೇಲು. ಬೇಯಿಸಿದ ನೀರನ್ನು ಚೆಲ್ಲದೆ ಅದರಲ್ಲೇ ಮಸೆಯುವುದರಿಂದ ನೀರಿಗಿಳಿದ ಜೀವಸತ್ವಗಳೂ ಹೊಟ್ಟೆಗೇ ಸೇರುತ್ತವೆ. ಇದು ಬರಿಯ ಪಾಠದ ಮಾತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂದಿತು; ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48. ನಮ್ಮ ತರಗತಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ತಲೆಸುತ್ತೆಂದು ಡೆಸ್ಕಿನ ಮೇಲೆ ಒರಗುವ ಗೆಳತಿಯರು ಆ ಲೆಕ್ಕದ ಹೊರಗಿನವರೆಂದು ನನಗೆ ತೋರುವುದಿಲ್ಲ.

ಈ ಲೇಖನಕ್ಕಾಗಿ ನಾಲ್ಕು ತಾಲ್ಲೂಕುಗಳ ಗೆಳತಿಯರನ್ನು ವಿಚಾರಿಸಿದೆ. ಪ್ರತಿಯೊಬ್ಬಳೂ ತನ್ನ ಮನೆಯದೇ ನಿಜವಾದ ಮಸ್ಸೊಪ್ಪೆಂದು ವಾದಿಸಿದಳು. ಕೃಷ್ಣರಾಜನಗರದವಳ ಊರು ಕಾವೇರಿಯ ನಾಲೆಯ ಬಯಲು. ಅಲ್ಲಿ ಗದ್ದೆಯ ನಾಟಿಯ ಕಾಲವೇ ಬಿಡುವಿಲ್ಲದ ಕಾಲ. ಅವರು ಮಸ್ಸೊಪ್ಪನ್ನು ತುಸು ತೆಳ್ಳಗೆ ಮಾಡಿ ಅನ್ನಕ್ಕೆ ಕಲಸುತ್ತಾರೆ. ಗದ್ದೆಯ ಅಂಚಿನ ಹೊನಗೊನ್ನೆಯೇ ಅವರಿಗೆ ಪ್ರಿಯ. ಹೆಗ್ಗಡದೇವನಕೋಟೆಯವಳ ಊರು ಕಾಡಿನ ಅಂಚಿನದು. ರಾಗಿ ತೆನೆ ಕಟ್ಟುವ ಕಾಲಕ್ಕೆ ಆನೆಗಳು ಹೊಲಕ್ಕಿಳಿಯುತ್ತವೆ. ಗಂಡಸರು ಕತ್ತಲಾಗುವ ಮೊದಲೇ ಅಟ್ಟಣೆ ಏರಬೇಕು. ಮುದ್ದೆಯನ್ನೂ ಗಟ್ಟಿ ಮಸ್ಸೊಪ್ಪನ್ನೂ ಕ್ಯಾರಿಯರಿಗೆ ತುಂಬಿ ಕಳುಹಿಸುವುದು ಅಲ್ಲಿಯ ವಾಡಿಕೆ. ಸಂಜೆ ಐದೂವರೆಗೆ ಅಡಿಗೆ ಆಗದಿದ್ದರೆ ಆನೆ ಕಾಯುವುದಿಲ್ಲ! ಪಿರಿಯಾಪಟ್ಟಣದವಳು ಬೇಳೆಯ ಬದಲು ಅವರೆಕಾಯಿಯ ಕಾಲದಲ್ಲಿ ಹಸಿ ಅವರೆಕಾಳು ಹಾಕುತ್ತೇವೆಂದಳು. ಅದೇ ತಾಲ್ಲೂಕಿನ ಬೈಲಕುಪ್ಪೆಗೆ 1960ರ ದಶಕದ ಆದಿಯಲ್ಲಿ ಬಂದು ನೆಲಸಿದ ಟಿಬೆಟ್ಟಿನ ಜನರು 'ಥುಕ್ಪಾ' ಎಂಬುದನ್ನು ಮಾಡುತ್ತಾರೆ. ಹಿಟ್ಟಿನ ಶಾವಿಗೆ, ತರಕಾರಿ, ಸೊಪ್ಪು ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿ ಬಿಸಿಬಿಸಿಯಾಗಿ ಬಟ್ಟಲಿಗೆ ಸುರಿಯುವ ಊಟ ಅದು. ಹಿಮಾಲಯದ ಆಚೆಯ ತಾಯಿಯೂ ದಣಿದ ಸಂಜೆಯಲ್ಲಿ ನಮ್ಮ ತಾಯಿ ಯೋಚಿಸಿದ್ದನ್ನೇ ಯೋಚಿಸಿದ್ದಳೆಂದು ತಿಳಿದು ನನಗೆ ಸಂತೋಷವಾಯಿತು.

ಆದರೆ ಸಂತೋಷದ ಜೊತೆಗೆ ಒಂದು ಕಳವಳವೂ ಉಂಟು. ನಮ್ಮಜ್ಜಿ ಹದಿನೈದು ಬಗೆಯ ಬೆರಕೆ ಸೊಪ್ಪುಗಳನ್ನು ಗುರುತಿಸಬಲ್ಲಳು. ಅಮ್ಮ ಎಂಟನ್ನು ಬಲ್ಲಳು. ನಾನು ಐದಕ್ಕೆ ನಿಂತಿದ್ದೇನೆ: ಅಣ್ಣೆ, ಗಣಿಕೆ, ಗೋಣಿ, ಹೊನಗೊನ್ನೆ, ಕನ್ನೆ. ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಇವುಗಳಲ್ಲಿ ಹೆಚ್ಚಿನವು ಕಳೆಗಳು. ಕಳೆನಾಶಕದ ಡಬ್ಬಿ ಹೊಲಕ್ಕೆ ಬಂದ ಮೇಲೆ ಕಳೆ ಕೀಳುವ ಕೂಲಿ ಉಳಿಯಿತು, ನಿಜ. ಜೊತೆಗೆ ಮಡಿಲು ತುಂಬ ಬರುತ್ತಿದ್ದ ಸೊಪ್ಪೂ ಹೋಯಿತು. ಔಷಧಿ ಸಿಂಪಡಿಸಿದ ಹೊಲದ ಅಂಚಿನಲ್ಲಿ ಸೊಪ್ಪು ಕೀಳುವುದು ಅಪಾಯವೆಂದು ಅಮ್ಮ ಈಗ ಹಿತ್ತಲಿನ ನುಗ್ಗೆಗೇ ಕೈ ಚಾಚುತ್ತಾಳೆ. ಪಾತ್ರೆ ತೊಳೆದ ನೀರು ಹರಿಯುವ ಕಡೆ ನಾನು ನಾಲ್ಕು ಹೆಜ್ಜೆ ನೆಲದಲ್ಲಿ ದಂಟನ್ನೂ ಗಣಿಕೆಯನ್ನೂ ಬೆಳೆಸಿದ್ದೇನೆ. ಯಾರೂ ದುಡ್ಡು ಕೊಟ್ಟು ಕೊಳ್ಳದ ಸೊಪ್ಪನ್ನು ಪಾತಿ ಮಾಡಿ ಬೆಳೆಸುವುದನ್ನು ಕಂಡು ನೆರೆಯವರು ನಕ್ಕರು. ಈಗ ಅವರೇ ಒಂದು ಹಿಡಿ ಕೇಳಿಕೊಂಡು ಬರುತ್ತಾರೆ.

ಮುಖ್ಯವಾದ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ನಮ್ಮ ಕಾಲೇಜಿನ ಆಗಸ್ಟ್ ತಿಂಗಳ ಹಾಜರಿ ಪುಸ್ತಕವನ್ನು ಯಾರಾದರೂ ತೆರೆದು ನೋಡಲಿ. ಹಳ್ಳಿಗಳಿಂದ ಬರುವ ಹುಡುಗಿಯರ ಹೆಸರುಗಳ ಮುಂದೆ ಗೈರುಹಾಜರಿಯ ಗುರುತುಗಳು ಸಾಲುಗಟ್ಟಿರುತ್ತವೆ. ಅವರು ಸೋಮಾರಿಗಳಲ್ಲ. ತಾಯಿ ಎಲೆ ಕಟ್ಟಲು ಹೋದರೆ ಮನೆಯ ಒಲೆ ಮಗಳ ಪಾಲಿಗೆ ಬರುತ್ತದೆ. ಕೆಲವೊಮ್ಮೆ ಎಲೆಯೂ ಒಲೆಯೂ ಎರಡೂ ಅವಳ ಪಾಲಿಗೇ ಬರುತ್ತವೆ. ಅದೇ ಮನೆಯ ಮಗ ಮಾತ್ರ ಕಾಲೇಜಿಗೆ ಬರುತ್ತಾನೆ. ಅವನು ಕೆಟ್ಟವನಲ್ಲ, ಅಡಿಗೆ ತನಗೆ ಬಾರದೆಂದು ನಂಬಿಕೊಂಡಿದ್ದಾನೆ, ಅಷ್ಟೆ. ಬಸ್ಸಾರು ಕಷ್ಟವೆಂದು ಅವನು ಹೇಳಿದರೆ ಒಪ್ಪೋಣ. ಆದರೆ ಬೇಳೆ ತೊಳೆದು, ಸೊಪ್ಪು ಹಾಕಿ, ಕಡಗೋಲು ತಿರುಗಿಸುವುದು ಕಷ್ಟವೆಂದು ಬಿ.ಎ. ಓದುವ ಯಾವ ಯುವಕನು ಹೇಳಿಯಾನು? ಸುಲಭವಾದ ಅಡಿಗೆಯ ದೊಡ್ಡ ಗುಣವೇ ಇದು: ನೆಪಗಳಿಗೆ ಅದರಲ್ಲಿ ಜಾಗವಿಲ್ಲ.

ಕಳೆದ ಹಂಗಾಮಿನಲ್ಲಿ ನಮ್ಮ ಮನೆಯ ಊಟ ಏಳೂಕಾಲಿಗೆ ಮುಗಿಯುತ್ತಿತ್ತು. ಅಮ್ಮ ಉಂಡು, ಕಂಬಕ್ಕೆ ಒರಗಿ, ಅರ್ಧ ಗಂಟೆ ಸುಮ್ಮನೆ ಕೂರುತ್ತಿದ್ದಳು. ಅವಳು ಹಾಗೆ ಸುಮ್ಮನೆ ಕುಳಿತಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ನನಗೆ ಎಂಟರಿಂದ ಹತ್ತರವರೆಗೆ ಓದಲು ಹೊತ್ತು ಸಿಕ್ಕಿತು. ಆ ಎರಡು ತಿಂಗಳಲ್ಲಿ ಒಂದು ದಿನವೂ ತರಗತಿ ತಪ್ಪಲಿಲ್ಲ. ತಮ್ಮನಿಗೂ ಪಾಠಕ್ಕೆ ಕೊರತೆಯಾಗಲಿಲ್ಲ, ಅವನ ಕಬಡ್ಡಿಗೂ ಭಂಗ ಬರಲಿಲ್ಲ.

ಮಾನ್ಯ ಅಧ್ಯಾಪಕರಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ಆಗಸ್ಟ್ ತಿಂಗಳಲ್ಲಿ ಖಾಲಿಯಾದ ಬೆಂಚುಗಳನ್ನು ಕಂಡಾಗ ಹುಡುಗಿಯನ್ನು ಗದರಿಸುವ ಮೊದಲು ಅವಳ ಅಣ್ಣತಮ್ಮಂದಿರನ್ನು ಕರೆದು, ಸಂಜೆ ಮನೆಯಲ್ಲಿ ಏನು ಮಾಡುತ್ತೀಯೆಂದು ಒಂದು ಮಾತು ಕೇಳಬೇಕು. ಸಹಪಾಠಿ ಸೋದರರಲ್ಲಿಯೂ ಒಂದು ಬೇಡಿಕೆಯಿದೆ. ಮುಂದಿನ ಹಂಗಾಮಿಗೆ ಇನ್ನೂ ತಿಂಗಳುಗಳಿವೆ; ಮಸ್ಸೊಪ್ಪು ಕಲಿಯಲು ಮೂರು ಸಂಜೆಗಳು ಸಾಕು. ಪ್ರಮಾಣಗಳನ್ನೆಲ್ಲ ಮೇಲೆ ಬರೆದಿದ್ದೇನೆ. ಉಪ್ಪು ಮಾತ್ರ ನಿಮ್ಮ ಮನೆಯವರನ್ನು ಕೇಳಿ ಹಾಕಿ.